ಕೂರಲೇಬೇಕಿಲ್ಲದ ಕೋಣೆ

ಗುರುವಾರ ಬೆಳಿಗ್ಗೆ ಒಂಬತ್ತೂವರೆಯ ಹೊತ್ತಿಗೆ ಕೋಣೆಯ ಹೀಟರು ಚೆನ್ನಾಗಿ ಕಾದು ಕಿಟಕಿಯ ಗಾಜಿಗೆ ಹಬೆ ಕೂತಿರುತ್ತದೆ. ಹೊರಗೆ ಲಂಡನ್ನಿನ ಜಿಟಿಜಿಟಿ ಮಳೆ, ಸ್ಟಾಪಿನಲ್ಲಿ ನಿಂತು ಹೊರಡುವ ಬಸ್ಸುಗಳ ಸುಯ್ಲು. ಒಳಗೆ ನೆಲ ಒರೆಸಿದ ಔಷಧಿಯ ಘಾಟು, ಅದರ ಮೇಲೆ ಮೆಲ್ಲಗೆ ಹರಡುವ ಚಹಾದ ವಾಸನೆ. ಕುರ್ಚಿಗಳನ್ನು ಗುಂಡಗೆ ಜೋಡಿಸಿ ಒಂದೊಂದರ ಮೇಲೆ ಒಂದು ದಿಂಬು, ಕೆಲವದರ ಮೇಲೆ ನಡುವೆ ತೂತು ಬಿಟ್ಟ ಸ್ಪಂಜಿನ ಮೆತ್ತೆ ಇಡುತ್ತೇನೆ. ಗೋಡೆಯ ಪಕ್ಕ ನೀಲಿ ಮ್ಯಾಟುಗಳನ್ನು ಹಾಸಿ, ಮೂಲೆಗೆ ಗಾಳಿ ತುಂಬಿದ ಎರಡು ದೊಡ್ಡ ಚೆಂಡುಗಳನ್ನು ಉರುಳಿಸುತ್ತೇನೆ. ಇಲ್ಲಿನ ಸರ್ಕಾರಿ ಆಸ್ಪತ್ರೆಯೊಂದರಲ್ಲಿ ಫಿಸಿಯೋಥೆರಪಿಸ್ಟ್ ಆಗಿರುವ ನನ್ನ ದಿನ ಶುರುವಾಗುವುದು ಹೀಗೆ, ಸಾಮಾನು ಹೊತ್ತು ಹಾಕುವುದರಿಂದ.

ಹತ್ತಕ್ಕೆ ಒಬ್ಬೊಬ್ಬರೇ ಬರುತ್ತಾರೆ. ಬಾಗಿಲಲ್ಲಿ ಕೊಡೆ ಕೊಡವಿ ಒಳಗೆ ಕಾಲಿಟ್ಟವರ ಕಣ್ಣು ಮೊದಲು ಹೋಗುವುದು ಕುರ್ಚಿಗಳ ಕಡೆಗೆ. ಅವರು ನೋಡುವ ರೀತಿಯನ್ನು ನೀವೂ ನನ್ನ ಪಕ್ಕದಲ್ಲಿ ನಿಂತು ಗಮನಿಸಬೇಕು. ಬೇರೆಯವರು ಕುರ್ಚಿ ಕಂಡರೆ ಕೂರುತ್ತಾರೆ, ಇವರು ಅಳೆಯುತ್ತಾರೆ. ಸೀಟು ಗಟ್ಟಿಯೋ ಮೆತ್ತಗೋ, ಅಂಚು ತೊಡೆಗೆ ಒತ್ತೀತೋ, ಬಾಗಿಲಿಗೆ ಎಷ್ಟು ದೂರ, ನಡುವೆ ಎದ್ದು ಟಾಯ್ಲೆಟ್ಟಿಗೆ ಹೋಗಬೇಕಾದರೆ ಎಷ್ಟು ಜನರ ಮುಂದೆ ಹಾಯಬೇಕು. ಒಬ್ಬಾಕೆ ಒಂದೇ ಮಗ್ಗುಲಿಗೆ ಭಾರ ಬಿಟ್ಟು ಓರೆಯಾಗಿ ಕೂರುತ್ತಾಳೆ. ಇನ್ನೊಬ್ಬಾಕೆ ಕೂರುವುದೇ ಇಲ್ಲ. ಬ್ಯಾಗನ್ನು ಕುರ್ಚಿಯ ಮೇಲಿಟ್ಟು ಅದರ ಬೆನ್ನಿಗೆ ಕೈಯೂರಿ ನಿಲ್ಲುತ್ತಾಳೆ. ಎಲ್ಲರ ಬಟ್ಟೆಯೂ ಸಡಿಲ, ಸೊಂಟಕ್ಕೆ ಬಿಗಿಯುವ ಜೀನ್ಸ್ ತೊಟ್ಟವರು ಒಬ್ಬರೂ ಇಲ್ಲ. ಬ್ಯಾಗುಗಳು ಮಾತ್ರ ಉಬ್ಬಿಕೊಂಡಿರುತ್ತವೆ: ಬಿಸಿನೀರು ತುಂಬುವ ರಬ್ಬರ್ ಚೀಲ, ಮಾತ್ರೆ ಡಬ್ಬಿ, ಹೊಟ್ಟೆಗೆ ಅಂಟಿಸಿಕೊಳ್ಳುವ ಶಾಖದ ಪಟ್ಟಿ, ಬದಲಿ ಒಳಬಟ್ಟೆ.

ನಮ್ಮ ತಂಡದ ಮನಶ್ಶಾಸ್ತ್ರಜ್ಞೆಯ ಮೊದಲ ಮಾತು ಯಾವಾಗಲೂ ಒಂದೇ. "ಇಲ್ಲಿ ಕೂರಲೇಬೇಕು ಅಂತೇನಿಲ್ಲ. ನಿಲ್ಲಿ, ಓಡಾಡಿ, ಮಲಗಿಕೊಳ್ಳಿ. ಯಾರ ಅಪ್ಪಣೆಯೂ ಬೇಕಿಲ್ಲ." ಸ್ವಲ್ಪ ಹೊತ್ತು ಯಾರೂ ಅಲುಗುವುದಿಲ್ಲ. ಆಮೇಲೆ ಯಾರೋ ಒಬ್ಬರು ಧೈರ್ಯ ಮಾಡಿ ಮ್ಯಾಟಿಗೆ ಇಳಿಯುತ್ತಾರೆ, ಮಂಡಿ ಮಡಚಿ ಅಂಗಾತ ಮಲಗಿ ಸೂರು ನೋಡುತ್ತ ಉಸಿರು ಬಿಡುತ್ತಾರೆ. ಅದನ್ನು ಕಂಡು ಇನ್ನೊಬ್ಬರು. ಕಾಲು ಗಂಟೆಯೊಳಗೆ ಕೋಣೆಯ ನಕ್ಷೆಯೇ ಬದಲಾಗಿರುತ್ತದೆ: ಮೂವರು ನೆಲದ ಮೇಲೆ, ಇಬ್ಬರು ಗೋಡೆಗೊರಗಿ, ಒಬ್ಬಾಕೆ ಮಂಡಿಯೂರಿ ದೊಡ್ಡ ಚೆಂಡನ್ನು ತಬ್ಬಿಕೊಂಡು ಅದರ ಮೇಲೆ ಗಲ್ಲ ಇಟ್ಟುಕೊಂಡು. ಆಫೀಸಿನ ಮೀಟಿಂಗಿನಲ್ಲಿ, ಮದುವೆಮನೆ ಊಟದಲ್ಲಿ, ಮಕ್ಕಳ ಶಾಲೆಯ ಸಭೆಯಲ್ಲಿ ಹಲ್ಲು ಕಚ್ಚಿಕೊಂಡು ಕೂತ ವರ್ಷಗಳು ಇವರೆಲ್ಲರ ಹಿಂದೆ ಇವೆ.

ಈ ಕೋಣೆಯಲ್ಲಿ ಆಡಿದ್ದು ಹೊರಗೆ ಹೋಗಬಾರದು ಎಂಬುದು ಇಲ್ಲಿನ ಮೊದಲ ಕರಾರು. ಹಾಗಾಗಿ ಈ ಬರಹದಲ್ಲಿ ಬರುವ ಹೆಂಗಸರು ಯಾರೊಬ್ಬರ ಚಿತ್ರವೂ ಅಲ್ಲ. ಹಲವು ಗುಂಪುಗಳ ಮುಖಗಳನ್ನು ಕಲೆಸಿ ಬರೆಯುತ್ತಿದ್ದೇನೆ.

ಪರಿಚಯದ ಸುತ್ತು ನಿಧಾನವಾಗಿ ತಿರುಗುತ್ತದೆ. ಇಪ್ಪತ್ತರ ಹರೆಯದ ಕಾಲೇಜು ಹುಡುಗಿ, ಮೂವತ್ತರ ಟೀಚರು, ಎರಡು ಹೆರಿಗೆ ಮುಗಿಸಿದ ಅಂಗಡಿ ಕೆಲಸದಾಕೆ, ಮುಟ್ಟು ನಿಂತು ಹತ್ತು ವರ್ಷವಾದ ಅಜ್ಜಿ. ಒಬ್ಬರಿಗೆ ಎಂಡೊಮೆಟ್ರಿಯೋಸಿಸ್, ಗರ್ಭಕೋಶದ ಒಳಪದರದಂಥ ಅಂಗಾಂಶ ಹೊರಗೆಲ್ಲೋ ಬೆಳೆದು ಕರುಳಿಗೂ ಅಂಡಾಶಯಕ್ಕೂ ಅಂಟಿಕೊಳ್ಳುವ ಕಾಯಿಲೆ. ಒಬ್ಬರಿಗೆ ಮೂತ್ರಕೋಶ ತುಂಬಿದೊಡನೆ ಉರಿ. ಒಬ್ಬರಿಗೆ ಹೆರಿಗೆಯಲ್ಲಿ ಹರಿದ ಜಾಗ ಹೊಲಿಗೆ ಮಾಗಿದರೂ ಮಾಗದ ನೋವು. ಇನ್ನು ಇಬ್ಬರು ಮೂವರಿಗೆ ಏನೆಂದು ಹೆಸರೇ ಸಿಕ್ಕಿಲ್ಲ. ನೋವು ಹೇಗಿರುತ್ತದೆ ಎಂದು ಕೇಳಿದರೆ ಕೈಗಳು ಬಾಯಿಗಿಂತ ಮೊದಲು ಮಾತಾಡುತ್ತವೆ. ಒಬ್ಬಾಕೆ ಮುಷ್ಟಿ ಬಿಗಿದು ತಿರುಚುತ್ತಾಳೆ, ಒಬ್ಬಾಕೆ ಬೆರಳು ಕೆಳಕ್ಕೆ ಮಾಡಿ ಜಗ್ಗಿ ತೋರಿಸುತ್ತಾಳೆ, ಮತ್ತೊಬ್ಬಾಕೆ ಕಿಬ್ಬೊಟ್ಟೆಯಿಂದ ತೊಡೆಸಂದಿಗೆ, ಅಲ್ಲಿಂದ ಸೊಂಟದ ಹಿಂದಕ್ಕೆ ಗೆರೆ ಎಳೆಯುತ್ತಾಳೆ. ಸುತ್ತಲಿನ ತಲೆಗಳು ಹೌದು ಹೌದು ಎಂದು ಅಲ್ಲಾಡುತ್ತವೆ.

ಹೊಟ್ಟೆಯ ಕೆಳಗಿನ ನೋವು ಆರು ತಿಂಗಳು ದಾಟಿದರೆ ಅದನ್ನು ದೀರ್ಘಕಾಲದ್ದು ಎಂದು ವೈದ್ಯರು ಲೆಕ್ಕ ಹಿಡಿಯುತ್ತಾರೆ. ಈ ಕೋಣೆಯಲ್ಲಿ ತಿಂಗಳಲ್ಲಿ ಲೆಕ್ಕ ಹೇಳುವವರಿಲ್ಲ. "ಹದಿನಾಲ್ಕು ವರ್ಷ." "ಮೊದಲ ಮುಟ್ಟಿನಿಂದಲೇ." "ಎರಡನೆಯ ಮಗುವಿನಿಂದೀಚೆಗೆ." ಬ್ರಿಟನ್ನಿನಲ್ಲಿ ಎಂಡೊಮೆಟ್ರಿಯೋಸಿಸ್ ಎಂದು ಖಚಿತವಾಗಲು ಸರಾಸರಿ 8 ವರ್ಷ ಹಿಡಿಯುತ್ತದೆಂದು ಇಲ್ಲಿನ ಸಂಸತ್ ಸದಸ್ಯರ ಸರ್ವಪಕ್ಷ ಗುಂಪು 2020ರಲ್ಲಿ ವರದಿ ಮಾಡಿತು. ಜಗತ್ತಿನಲ್ಲಿ ಹೆರುವ ವಯಸ್ಸಿನ ಹತ್ತು ಹೆಂಗಸರಲ್ಲಿ ಒಬ್ಬರಿಗೆ, ಅಂದರೆ ಸುಮಾರು 19 ಕೋಟಿ ಜನಕ್ಕೆ ಈ ಕಾಯಿಲೆ ಇದೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಇದು ಒಂದು ಕಾಯಿಲೆಯ ಮಾತಾಯಿತು. ಎಲ್ಲ ಬಗೆಯ ಕಿಬ್ಬೊಟ್ಟೆ ನೋವನ್ನೂ ಸೇರಿಸಿದರೆ, ಬ್ರಿಟನ್ನಿನ ಕುಟುಂಬ ವೈದ್ಯರ ಬಳಿ ಇದಕ್ಕಾಗಿ ಹೋಗುವ ಹೆಂಗಸರು ವರ್ಷಕ್ಕೆ ಸಾವಿರಕ್ಕೆ 38 ಎಂದು 1999ರಲ್ಲೇ ಲೆಕ್ಕ ಸಿಕ್ಕಿತ್ತು. ಅದು ಆಸ್ತಮಾದಷ್ಟೇ ಸಾಮಾನ್ಯ. ಆಸ್ತಮಾ ಇರುವವರು ಆಫೀಸಿನಲ್ಲಿ ಎಲ್ಲರೆದುರು ಇನ್ಹೇಲರ್ ತೆಗೆದು ಎಳೆದುಕೊಳ್ಳುತ್ತಾರೆ. ಇವರು ಬಿಸಿನೀರಿನ ಚೀಲವನ್ನು ಸ್ವೆಟರಿನ ಒಳಗೆ ಅಡಗಿಸಿಕೊಂಡು ಕೂರುತ್ತಾರೆ.

"ಸ್ಕ್ಯಾನಿಂಗ್ ಮಾಡಿದರು, ಎಲ್ಲ ನಾರ್ಮಲ್ ಅಂದರು" ಎಂದು ಟೀಚರು ಹೇಳುವಾಗ ಅವಳ ಗಂಟಲು ಕಟ್ಟುತ್ತದೆ. ಕಾಯಿಲೆ ಇಲ್ಲ ಎಂದು ಕೇಳಿ ಅಳುವ ಹೆಂಗಸನ್ನು ನೋಡಿದವರು ಅರ್ಥವಾಗದೆ ತಬ್ಬಿಬ್ಬಾಗುತ್ತಾರೆ. ಈ ಕೋಣೆಯಲ್ಲಿ ಯಾರೂ ತಬ್ಬಿಬ್ಬಾಗುವುದಿಲ್ಲ. ಹೊಟ್ಟೆಗೆ ಸಣ್ಣ ತೂತು ಕೊರೆದು ಕ್ಯಾಮೆರಾ ಬಿಟ್ಟು ನೋಡುವ ಲ್ಯಾಪರೋಸ್ಕೋಪಿಯನ್ನು ಇಂಥ ನೋವಿಗೆಂದು ಮಾಡಿದಾಗ ಮೂರರಲ್ಲಿ ಒಂದರಿಂದ ಎರಡರಲ್ಲಿ ಒಂದು ಸಲ ಕಣ್ಣಿಗೆ ಏನೂ ಕಾಣುವುದಿಲ್ಲ. ಕಾಣದ್ದರಿಂದ ನೋವಿಲ್ಲ ಎಂದಲ್ಲ. ಎಂಡೊಮೆಟ್ರಿಯೋಸಿಸ್‌ನಲ್ಲೂ ಆ ಅಂಗಾಂಶ ಎಷ್ಟು ಹರಡಿದೆ ಎಂಬುದಕ್ಕೂ ನೋವು ಎಷ್ಟಿದೆ ಎಂಬುದಕ್ಕೂ ತಾಳೆಯಾಗುವುದಿಲ್ಲ. ಈ ಮಾತನ್ನು ನಮ್ಮ ವೈದ್ಯೆ ಮೊದಲ ವಾರವೇ ಬಿಡಿಸಿ ಹೇಳುತ್ತಾರೆ. ಅದನ್ನು ಕೇಳಿದ ಮೇಲೆ ಟೀಚರು ಮೂಗೊರೆಸಿಕೊಂಡು, ಬ್ಯಾಗಿನಿಂದ ನೋಟ್‌ಬುಕ್ ತೆಗೆದು ಬರೆದುಕೊಂಡಳು, ದಿನಾಂಕ ಸಮೇತ.

ಆಮೇಲೆ ನನ್ನ ಸರದಿ. ಪೆಟ್ಟಿಗೆಯಿಂದ ಪ್ಲಾಸ್ಟಿಕ್ಕಿನ ಸೊಂಟದ ಮೂಳೆಯನ್ನು ಎತ್ತಿ ಕೈಯಿಂದ ಕೈಗೆ ದಾಟಿಸುತ್ತೇನೆ. ತಿಳಿಹಳದಿ ಮೂಳೆಯ ಒಳಗೆ ಕೆಂಪು ರಬ್ಬರಿನ ಸ್ನಾಯುಗಳು, ಮುಂದಿನ ಕೀಲಿನಿಂದ ಹಿಂದಿನ ಬಾಲಮೂಳೆಯವರೆಗೆ ತಳ ಕಟ್ಟಿಕೊಂಡು, ಮೂತ್ರಕ್ಕೆ, ಯೋನಿಗೆ, ಮಲಕ್ಕೆ ಮೂರು ದಾರಿ ಬಿಟ್ಟುಕೊಂಡು. ಹಳದಿ ತಂತಿಯೊಂದು ಹಿಂದಿನಿಂದ ಬಳಸಿ ಮುಂದಕ್ಕೆ ಕವಲೊಡೆಯುತ್ತದೆ, ಅದು ಆ ಜಾಗದ ನರ. ಎರಡು ಮಕ್ಕಳ ತಾಯಿ ಅದನ್ನು ಮಡಿಲಲ್ಲಿಟ್ಟುಕೊಂಡು ಬೆರಳಿನಿಂದ ಸ್ನಾಯುವನ್ನು ಒತ್ತಿ ನೋಡುತ್ತಾಳೆ. "ಇಷ್ಟೇ ಇಷ್ಟು ಜಾಗವಾ?" ಎನ್ನುತ್ತಾಳೆ. ಅಷ್ಟು ವರ್ಷ ತನ್ನದೇ ಮೈಯಲ್ಲಿ ಹೊತ್ತದ್ದನ್ನು ಅವಳು ಕೈಯಲ್ಲಿ ಹಿಡಿದದ್ದು ಅದೇ ಮೊದಲು. ಅಜ್ಜಿ ಕನ್ನಡಕ ಏರಿಸಿಕೊಂಡು, ತಲೆಕೆಳಗು ಮಾಡಿ, ಬೆಳಕಿಗೆ ಹಿಡಿದು ನೋಡುತ್ತಾರೆ. ಯಾರೂ ಅವಸರ ಮಾಡುವುದಿಲ್ಲ, ಮೂಳೆ ಒಂದು ಸುತ್ತು ಬರಲು ಎಷ್ಟು ಹೊತ್ತಾದರೂ ಆಗಲಿ ಎಂದು ನಾನೂ ಸುಮ್ಮನಿರುತ್ತೇನೆ.

ಇವರಲ್ಲಿ ಹೆಚ್ಚಿನವರಿಗೆ ಯಾರೋ ಎಲ್ಲೋ ಕೆಗೆಲ್ ವ್ಯಾಯಾಮ ಮಾಡಿ ಎಂದು ಹೇಳಿರುತ್ತಾರೆ. ಅಮೆರಿಕದ ಸ್ತ್ರೀರೋಗ ವೈದ್ಯ ಆರ್ನಾಲ್ಡ್ ಕೆಗೆಲ್ 1948ರಲ್ಲಿ ಬರೆದದ್ದು ಹೆರಿಗೆಯ ನಂತರ ಸಡಿಲಾದ ಸ್ನಾಯುಗಳನ್ನು ಬಿಗಿ ಮಾಡಿಕೊಳ್ಳುವ ಬಗ್ಗೆ. ಕೆಮ್ಮಿದರೆ ಮೂತ್ರ ಜಿನುಗುವವರಿಗೆ ಅದು ಒಳ್ಳೆಯದೇ. ಆದರೆ ವರ್ಷಗಟ್ಟಲೆ ನೋವುಂಡವರ ಸ್ನಾಯು ಮೊದಲೇ ಬಿಗಿದು ಗಂಟಾಗಿರುತ್ತದೆ, ನೋವು ಬರುತ್ತದೆಂಬ ದಿಗಿಲಿಗೇ ಅದು ಇನ್ನಷ್ಟು ಬಿಗಿಯುತ್ತದೆ. ಅದನ್ನು ಮತ್ತೆ ಮತ್ತೆ ಬಿಗಿ ಎಂದರೆ ನೋವು ಏರದೆ ಇನ್ನೇನು. ಇಲ್ಲಿ ನಾವು ಕಲಿಸುವುದು ಬಿಡುವುದನ್ನು. ಒಂದು ಕೈ ಎದೆಯ ಮೇಲೆ, ಒಂದು ಕೈ ಹೊಕ್ಕಳ ಕೆಳಗೆ. ಉಸಿರು ಒಳಗೆ ಹೋದಾಗ ವಪೆ ಕೆಳಗಿಳಿಯುತ್ತದೆ, ಅದರೊಡನೆ ಸೊಂಟದ ತಳವೂ ಇಳಿದು ಹಿಗ್ಗುತ್ತದೆ. ಉಸಿರು ಬಿಟ್ಟಾಗ ಎರಡೂ ಮೇಲೇರುತ್ತವೆ. ಕೇಳಲು ಸುಲಭ. ಆದರೆ ಹೊಟ್ಟೆ ಒಳಗೆಳೆದುಕೊಂಡೇ ನಿಲ್ಲಬೇಕು ಎಂದು ಹನ್ನೆರಡನೆಯ ವಯಸ್ಸಿನಿಂದ ಕಲಿತವರಿಗೆ ಹೊಟ್ಟೆಯನ್ನು ಬಿಟ್ಟುಕೊಡುವುದು ದೊಡ್ಡ ಕೆಲಸ. ಕೋಣೆ ತುಂಬ ಉಸಿರಾಟದ ಸದ್ದು, ನಡುನಡುವೆ ಯಾರದೋ ಹೊಟ್ಟೆ ಗುಡುಗುಡು ಎಂದು, ಎಲ್ಲರೂ ನಕ್ಕು, ಆ ನಗುವಿನಲ್ಲೇ ಹಲವರ ಹೊಟ್ಟೆ ಸಡಿಲವಾಗಿರುತ್ತದೆ.

ಬಾಲಾಸನದಲ್ಲಿ ಹಣೆ ನೆಲಕ್ಕೆ ಮುಟ್ಟಿಸಿ ಬಾಗುತ್ತಾರೆ. ಕುಕ್ಕರಗಾಲಿನಲ್ಲಿ ಕೂರಲು ಬಾರದವರ ಹಿಮ್ಮಡಿಯಡಿ ಮಡಿಸಿದ ಕಂಬಳಿ ಇಡುತ್ತೇನೆ. ಅಂಗಾತ ಮಲಗಿ ಪಾದ ಜೋಡಿಸಿ ಮಂಡಿ ಅಗಲಿಸುವ ಸುಪ್ತ ಬದ್ಧಕೋಣಾಸನಕ್ಕೆ ಎರಡೂ ಕಡೆ ದಿಂಬಿನ ಆಸರೆ ಬೇಕು. ಆಸನಕ್ಕೆ ಹೀಗೆ ದಿಂಬು, ಪಟ್ಟಿ, ಇಟ್ಟಿಗೆಗಳ ಆಸರೆ ಕೊಟ್ಟು ನೋವಿರುವ ಮೈಗೂ ಯೋಗ ಒಗ್ಗುವಂತೆ ಮಾಡಿದವರು ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ 1918ರಲ್ಲಿ ಹುಟ್ಟಿದ ಬಿ.ಕೆ.ಎಸ್. ಅಯ್ಯಂಗಾರ್. ಲಂಡನ್ನಿನ ಆಸ್ಪತ್ರೆಯ ದಿಂಬನ್ನು ಒಬ್ಬ ಇಂಗ್ಲಿಷ್ ಅಜ್ಜಿಯ ಮಂಡಿಯಡಿ ತುರುಕುವಾಗ ಬೆಳ್ಳೂರಿನ ನೆನಪಾಗಿ ನನಗೆ ಖುಷಿಯಾಗುತ್ತದೆ.

ಗಾಯ ಮಾಗಿದ ಮೇಲೂ ನೋವೇಕೆ ಹೋಗುವುದಿಲ್ಲ? ಎರಡನೆಯ ವಾರ ಈ ಪ್ರಶ್ನೆ ಬಂದೇ ಬರುತ್ತದೆ. ನಾನು ಊರಿನ ನಾಯಿಯ ಮಾತು ಹೇಳುತ್ತೇನೆ. ಒಂದು ರಾತ್ರಿ ಮನೆಗೆ ಕಳ್ಳ ನುಗ್ಗಿದ. ಅಂದಿನಿಂದ ನಾಯಿ ಹಾಲಿನವನಿಗೂ ಬೊಗಳುತ್ತದೆ, ತೆಂಗಿನ ಗರಿ ಬಿದ್ದರೂ ಬೊಗಳುತ್ತದೆ. ಕಳ್ಳ ಈಗ ಇಲ್ಲ, ಆದರೆ ಬೊಗಳುವ ಸದ್ದು ಸುಳ್ಳಲ್ಲ, ಮನೆಯವರ ನಿದ್ದೆ ಕೆಡುವುದೂ ಸುಳ್ಳಲ್ಲ. ನೋವಿನ ನರಗಳು ಪದೇ ಪದೇ ಕೆರಳಿದರೆ ಬೆನ್ನುಹುರಿಯೇ ಹೆಚ್ಚು ಸೂಕ್ಷ್ಮವಾಗಿಬಿಡುತ್ತದೆ, ಮುಟ್ಟಿದ್ದೂ ನೋವಾಗಿ ಕೇಳಿಸುತ್ತದೆ ಎಂದು ವಿಜ್ಞಾನಿ ಕ್ಲಿಫರ್ಡ್ ವೂಲ್ಫ್ 1983ರಲ್ಲಿ ಪ್ರಯೋಗದಿಂದ ತೋರಿಸಿದರು. ಮೂತ್ರಕೋಶ, ಕರುಳು, ಗರ್ಭಕೋಶ ಮೂರರ ನರಗಳೂ ಬೆನ್ನುಹುರಿಯಲ್ಲಿ ಅಕ್ಕಪಕ್ಕವೇ ಬಂದು ಸೇರುವುದರಿಂದ ಒಂದರ ಕಿರಿಕಿರಿ ಇನ್ನೊಂದಕ್ಕೆ ತಗಲುತ್ತದೆ. ಮುಟ್ಟಿನ ನೋವಿನಿಂದ ಶುರುವಾದದ್ದು ಮೂತ್ರದ ಉರಿಯಾಗಿ, ಹೊಟ್ಟೆಯುಬ್ಬರವಾಗಿ ಹಬ್ಬುವುದು ಹೀಗೆ. ಬಿಸಿನೀರಿನ ಚೀಲ ಯಾಕೆ ಹಿತ ಎಂಬುದಕ್ಕೂ ಉತ್ತರ ಇದೆ: ಶಾಖದ, ಸ್ಪರ್ಶದ ಸುದ್ದಿ ಬೆನ್ನುಹುರಿಗೆ ಮುಟ್ಟಿದಾಗ ನೋವಿನ ಸುದ್ದಿಗೆ ಬಾಗಿಲು ಅರ್ಧ ಮುಚ್ಚುತ್ತದೆ. ವಿಜ್ಞಾನಿಗಳಾದ ಮೆಲ್ಜಾಕ್ ಮತ್ತು ವಾಲ್ 1965ರಲ್ಲಿ ಮುಂದಿಟ್ಟ ಈ ಸಿದ್ಧಾಂತವನ್ನು ಕೇಳಿ ಅಂಗಡಿ ಕೆಲಸದಾಕೆ ತನ್ನ ಚೀಲವನ್ನು ಸ್ವೆಟರಿನ ಒಳಗಿಂದ ಹೊರತೆಗೆದು ಎಲ್ಲರಿಗೂ ಕಾಣುವಂತೆ ಹೊಟ್ಟೆಯ ಮೇಲಿಟ್ಟುಕೊಂಡಳು.

ಹನ್ನೊಂದೂವರೆಗೆ ಚಹಾ. ನಾವು ಸಿಬ್ಬಂದಿ ಬೇಕೆಂದೇ ಹೊರಗೆ ಹೋಗುತ್ತೇವೆ. ಬಾಗಿಲಾಚೆಯಿಂದ ಕಪ್ಪುಗಳ ಸದ್ದು, ಬಿಸ್ಕತ್ತಿನ ಪೊಟ್ಟಣ ಹರಿಯುವ ಸದ್ದು, ಮೊದಲ ವಾರ ತೊದಲುವ ಮಾತು, ಮೂರನೆಯ ವಾರಕ್ಕೆ ಒಟ್ಟೊಟ್ಟಿಗೆ ಏಳುವ ಗದ್ದಲ. ನಮ್ಮ ಪಾಠಗಳಿಗಿಂತ ಈ ಚಹಾದ ಹೊತ್ತೇ ಹೆಚ್ಚು ಕೆಲಸ ಮಾಡುತ್ತದೆ ಎಂದು ನಾನು ನಂಬಿದ್ದೇನೆ. ತನ್ನೊಬ್ಬಳಿಗೇ ಹೀಗೆ ಎಂದು ಹದಿನಾಲ್ಕು ವರ್ಷ ತಿಳಿದವಳಿಗೆ, ಎದುರಿಗೆ ಇನ್ನೊಬ್ಬಳು ಬಿಸ್ಕತ್ತು ಅದ್ದುತ್ತ "ನನಗೂ ಹಾಗೇ" ಎಂದಾಗ ಆಗುವುದನ್ನು ಯಾವ ವೈದ್ಯರೂ ಬರೆದು ಕೊಡಲಾರರು.

ಇಂಥ ಗುಂಪು ಕಾರ್ಯಕ್ರಮಗಳ ಬೇರು ಅಮೆರಿಕದ ಸಿಯಾಟಲ್‌ನಲ್ಲಿದೆ. ಹೊಟ್ಟೆಪಾಡಿಗೆ ಮುಖವಾಡ ಹಾಕಿಕೊಂಡು ಕುಸ್ತಿ ಆಡುತ್ತಿದ್ದ, ಆ ಪೆಟ್ಟುಗಳ ನೋವನ್ನು ಬದುಕಿಡೀ ಉಂಡ ಅರಿವಳಿಕೆ ವೈದ್ಯ ಜಾನ್ ಬೊನಿಕಾ ಅಲ್ಲಿ ನೋವಿಗೆಂದೇ ಬೇರೆ ಬೇರೆ ತಜ್ಞರನ್ನು ಒಂದೇ ಸೂರಿನಡಿ ಕೂಡಿಸಿದರು. ಅಲ್ಲಿನ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞ ವಿಲ್ಬರ್ಟ್ ಫೋರ್ಡೈಸ್ ನೋವಿದ್ದೂ ಚಟುವಟಿಕೆಗೆ ಮರಳುವ ಬಗೆಯನ್ನು ರೂಪಿಸಿದರು. ಬ್ರಿಟನ್ನಿಗೆ ಅದು ಬಂದದ್ದು 1983ರಲ್ಲಿ, ಲಿವರ್‌ಪೂಲ್‌ನ ವಾಲ್ಟನ್ ಆಸ್ಪತ್ರೆಗೆ. ಮೊದಮೊದಲು ಎಲ್ಲ ನೋವಿನವರೂ ಒಟ್ಟಿಗೆ. ಆದರೆ ಬೆನ್ನುನೋವಿನ ಗಂಡಸಿನ ಪಕ್ಕ ಕೂತು ಯೋನಿಯ ಉರಿಯ ಬಗ್ಗೆ ಯಾವ ಹೆಂಗಸು ಬಾಯಿ ಬಿಟ್ಟಾಳು? ಹೆಂಗಸರ ಕಿಬ್ಬೊಟ್ಟೆ ನೋವಿಗೇ ಬೇರೆ ಗುಂಪು ಬೇಕೆನ್ನುವುದಕ್ಕೆ ಇಷ್ಟು ಕಾರಣ ಸಾಕು.

ನಮ್ಮ ಗುಂಪಿನಲ್ಲೊಬ್ಬಳು ಹಾಸನದ ಕಡೆಯ ಹುಡುಗಿ. ಎರಡು ವಾರ ಇಂಗ್ಲಿಷಿನಲ್ಲೇ ಮಾತಾಡಿದವಳು, ಮೂರನೆಯ ವಾರ ಚಹಾದ ಹೊತ್ತಿನಲ್ಲಿ ಕಾರಿಡಾರಿಗೆ ಬಂದು ನನ್ನ ಎದೆಯ ಮೇಲಿನ ಹೆಸರಿನ ಬಿಲ್ಲೆ ನೋಡಿ "ಅಕ್ಕಾ, ನಿಮ್ದು ಯಾವೂರು?" ಎಂದಳು. ಆಮೇಲೆ ಕಟ್ಟೆ ಒಡೆದಂತೆ.

"ಊರಲ್ಲಿ ಯಾರಿಗಾದರೂ ಹೇಳಿದೀಯಮ್ಮ?" ಎಂದು ಕೇಳಿದೆ.

"ಅಮ್ಮಂಗೆ ಹೇಳ್ದೆ ಅಕ್ಕಾ. ಮದ್ವೆ ಆದ್ರೆ ಸರಿಹೋಗುತ್ತೆ ಅಂದ್ರು. ಮದ್ವೆ ಆದ್ಮೇಲೆ, ಮಗು ಆದ್ರೆ ಸರಿಹೋಗುತ್ತೆ ಅಂದ್ರು. ಮಗೂನೂ ಆಯ್ತು."

ಸ್ವಲ್ಪ ಸುಮ್ಮನಿದ್ದು, "ನಮ್ಮತ್ತೆ ಗರ್ಭಕೋಶ ತೆಗೆಸಿದಾರೆ. ಅವರಿಗೆ ಇನ್ನೂ ನೋಯುತ್ತಂತೆ. ಆಪರೇಷನ್ನಿಗೆ ಅಷ್ಟು ದುಡ್ಡು ಸುರಿದು ಮತ್ತೆ ನೋವು ಅಂದ್ರೆ ಮನೇಲಿ ಏನಂತಾರೋ ಅಂತ ಯಾರಿಗೂ ಹೇಳಿಲ್ಲ. ಒಂದಿನ ಪಾತ್ರೆ ತೊಳೀತಾ ನನಗೆ ಮಾತ್ರ ಹೇಳಿದ್ರು" ಎಂದಳು.

ಆ ಅತ್ತೆಯನ್ನು ನಾನು ನೋಡಿಲ್ಲ, ಆದರೆ ಅವರು ಎಷ್ಟು ಮನೆಗಳಲ್ಲಿದ್ದಾರೆಂದು ಬಲ್ಲೆ. ಮಹಾರಾಷ್ಟ್ರದ ಗಡ್‌ಚಿರೋಲಿಯ ಎರಡು ಹಳ್ಳಿಗಳಲ್ಲಿ ವೈದ್ಯೆ ರಾಣಿ ಬಂಗ್ ಮತ್ತು ಸಂಗಡಿಗರು 650 ಹೆಂಗಸರನ್ನು ಪರೀಕ್ಷಿಸಿ 1989ರಲ್ಲಿ ಪ್ರಕಟಿಸಿದ ವರದಿಯಲ್ಲಿ, ನೂರಕ್ಕೆ 92 ಹೆಂಗಸರಿಗೆ ಒಂದಲ್ಲ ಒಂದು ಸ್ತ್ರೀರೋಗ ಇತ್ತು. ಅದಕ್ಕೆ ಮೊದಲು ಯಾವತ್ತಾದರೂ ಅಂಥ ಪರೀಕ್ಷೆಗೆ ಒಳಗಾದವರು ನೂರಕ್ಕೆ 8 ಮಾತ್ರ. ಹೇಳದೆ ಉಳಿದ ನೋವು ಕೊನೆಗೊಮ್ಮೆ ಬಾಯಿಗೆ ಬಂದಾಗ ಅದಕ್ಕೆ ಸಿಗುವ ಉತ್ತರ ಹಲವು ಸಲ ಕತ್ತರಿ. ಕಲಬುರಗಿ ಜಿಲ್ಲೆಯ ತಾಂಡಾಗಳ ಲಂಬಾಣಿ ಹೆಂಗಸರು, ದಲಿತ ಹೆಂಗಸರು ಹೊಟ್ಟೆನೋವು, ಸೊಂಟನೋವು, ಬಿಳಿಸೆರಗು ಎಂದು ಆಸ್ಪತ್ರೆ ಮೆಟ್ಟಿಲು ಹತ್ತಿ, ಗರ್ಭಕೋಶ ಕಳೆದುಕೊಂಡು ಬಂದರು. ಹೀಗಾದದ್ದು ಒಬ್ಬಿಬ್ಬರಿಗಲ್ಲ ಎಂದು ಗೊತ್ತಾದ ಮೇಲೆ ಬೀದಿಗಿಳಿದು ಕೇಳಿದರು. ದೇಶದಲ್ಲಿ 15ರಿಂದ 49ರ ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 3.3 ಜನ ಗರ್ಭಕೋಶ ತೆಗೆಸಿಕೊಂಡಿದ್ದಾರೆ ಎನ್ನುತ್ತದೆ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ. ಇವುಗಳಲ್ಲಿ ಹೆಚ್ಚಿನ ಪಾಲು ನಡೆದಿರುವುದು ಖಾಸಗಿ ಆಸ್ಪತ್ರೆಗಳಲ್ಲಿ. ಅನಗತ್ಯ ಶಸ್ತ್ರಚಿಕಿತ್ಸೆ ತಡೆಯಲು ಕೇಂದ್ರ ಸರ್ಕಾರ ರೂಪಿಸಿದ ಮಾರ್ಗಸೂಚಿಯನ್ನು ಎಲ್ಲ ರಾಜ್ಯಗಳೂ ಜಾರಿಗೆ ತರಬೇಕೆಂದು 2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ತೆಗೆಯಲೇಬೇಕಾದ ಗರ್ಭಕೋಶಗಳೂ ಇವೆ, ತೆಗೆಸಿ ನೆಮ್ಮದಿ ಕಂಡವರೂ ಇದ್ದಾರೆ. ಆದರೆ ನೋವಿಗೆ ಇನ್ನೊಂದು ದಾರಿಯನ್ನೇ ತೋರಿಸದೆ ನೇರ ಅಲ್ಲಿಗೆ ಕಳಿಸುವುದು ಅನ್ಯಾಯ.

ಏನು ಬೇಕು ಇಂಥ ಒಂದು ಗುಂಪಿಗೆ? ಒಂದು ಕೋಣೆ, ಹತ್ತು ಚಾಪೆ, ಕೆಲವು ದಿಂಬು, ಒಬ್ಬ ಫಿಸಿಯೋ, ಒಬ್ಬ ಆಪ್ತಸಮಾಲೋಚಕಿ, ಒಬ್ಬ ನರ್ಸ್, ವಾರಕ್ಕೊಂದು ಅರ್ಧ ದಿನ, ಏಳೆಂಟು ವಾರ. ನಮ್ಮ ಜಿಲ್ಲಾ ಆಸ್ಪತ್ರೆಗಳಿಗೆ ಇದು ದೊಡ್ಡ ಖರ್ಚಲ್ಲ. ಸ್ತ್ರೀಶಕ್ತಿ ಸಂಘಗಳಲ್ಲಿ ಚಾಪೆಯ ಮೇಲೆ ಗುಂಡಗೆ ಕೂತು ಉಳಿತಾಯದ ಲೆಕ್ಕ ಬರೆಯುವ ಹೆಂಗಸರಿಗೆ ಗುಂಪು ಹೊಸದೂ ಅಲ್ಲ.

ನಾಲ್ಕನೆಯ ವಾರ ನಾನು ಅಡುಗೆಮನೆಯ ಟೈಮರ್ ತರುತ್ತೇನೆ, ಮೊಟ್ಟೆ ಬೇಯಿಸಲು ಇಡುವಂಥದ್ದು. ನೋವಿನವರ ದಿನ ಹೇಗಿರುತ್ತದೆಂದರೆ, ಒಳ್ಳೆಯ ದಿನ ಬಂತೆಂದು ಬಟ್ಟೆ ಒಗೆದು, ಮನೆ ಗುಡಿಸಿ, ಪೇಟೆ ಸುತ್ತಿ, ಮರುದಿನದಿಂದ ಮೂರು ದಿನ ಹಾಸಿಗೆ. ಎದ್ದ ಮೇಲೆ ಬಾಕಿ ಬಿದ್ದ ಕೆಲಸಕ್ಕೆ ಮತ್ತೆ ಓಟ. ಹಾಸನದ ಹುಡುಗಿಗೆ ಕೂರುವುದೇ ಕಷ್ಟ. ನೋವು ಏರುವ ಮೊದಲು ಎಷ್ಟು ನಿಮಿಷ ಕೂರಬಲ್ಲೆ ಎಂದು ಮೂರು ದಿನ ಅಳೆದು ಬಂದಿದ್ದಳು: 12, 8, 10. ಸರಾಸರಿ 10. ಅದರಲ್ಲಿ ಐದನೆಯ ಒಂದು ಪಾಲು ಕಳೆದು 8ಕ್ಕೆ ಟೈಮರ್ ಇಟ್ಟೆವು. ಎಂಟಕ್ಕೆ ಗಂಟೆ ಹೊಡೆದೊಡನೆ ಏಳಬೇಕು, ನೋವಿಲ್ಲದಿದ್ದರೂ ಏಳಬೇಕು. ನೋವಿದ್ದರೂ ಎಂಟು ತಲುಪಲು ನೋಡಬೇಕು. ವಾರ ಕಳೆದಂತೆ ಒಂದೊಂದೇ ನಿಮಿಷ ಕೂಡಿಸುವುದು. "ಚೆನ್ನಾಗಿರುವಾಗ ಯಾಕಕ್ಕಾ ಏಳ್ಬೇಕು?" ಎಂದು ವಾದಿಸಿದಳು. ಎಷ್ಟು ಹೊತ್ತು ಕೂರಬೇಕೆಂಬ ತೀರ್ಮಾನ ನೋವಿನ ಕೈಯಿಂದ ಅವಳ ಕೈಗೆ ಬರಲಿ ಎಂದೇ ಈ ಗಂಟೆ. ಅವಳ ಗುರಿ ಏನೆಂದು ಕೇಳಿದಾಗ ಒಂದು ಕ್ಷಣವೂ ಯೋಚಿಸಲಿಲ್ಲ: ಊರಿಗೆ ಹೋದಾಗ ಗೌರಿ ಹಬ್ಬದ ಪೂಜೆಗೆ ನೆಲದ ಮೇಲೆ ಎಲ್ಲರ ಜೊತೆ ಕೂರಬೇಕು. ಟೀಚರಿನ ಗುರಿ ಒಂದು ಪೂರ್ತಿ ಸಿನಿಮಾ. ಅಜ್ಜಿಯದು ಮೊಮ್ಮಗನೊಡನೆ ಡಬಲ್ ಡೆಕರ್ ಬಸ್ಸಿನ ಮೇಲಿನ ಅಂತಸ್ತಿನ ಮುಂದಿನ ಸೀಟು.

ಐದನೆಯ ವಾರ ದಾಂಪತ್ಯದ ಮಾತು. ನರ್ಸ್ ಬಾಗಿಲ ಚಿಲಕ ಹಾಕಿ, ಪರದೆ ಸರಿಪಡಿಸಿ, ನಿಧಾನವಾಗಿ ಶುರುಮಾಡುತ್ತಾಳೆ. ಕೂಡಿದರೆ ನೋವು, ಕೂಡದಿದ್ದರೆ ಗಿಲ್ಟು, ಗಂಡ ಕೈ ಹಿಡಿದರೂ ಮುಂದೇನೋ ಎಂಬ ಅಂಜಿಕೆಯಿಂದ ಕೈ ಹಿಡಿಯುವುದನ್ನೇ ಬಿಟ್ಟವರು. ಅಲ್ಲಿ ಆಡಿದ್ದನ್ನು ಅಲ್ಲೇ ಬಿಡುತ್ತೇನೆ. ಮುಂದಿನ ವಾರ ಮನೆಯವರನ್ನೂ ಕರೆಯುತ್ತೇವೆ. ಗಂಡಂದಿರು ಕೋಟು ಬಿಚ್ಚದೆ ಕುರ್ಚಿಯ ತುದಿಯಲ್ಲಿ ಕೂರುತ್ತಾರೆ, ಪ್ಲಾಸ್ಟಿಕ್ಕಿನ ಮೂಳೆಯನ್ನು ಮುಟ್ಟಲು ಹಿಂಜರಿಯುತ್ತಾರೆ. ಒಬ್ಬ ಮಾತ್ರ ಅದನ್ನು ತೆಗೆದುಕೊಂಡು ಹೆಂಡತಿಯ ಕಡೆ ತಿರುಗಿ "ಎಲ್ಲಿ?" ಎಂದು ಕೇಳಿದ. ಅವಳು ಬೆರಳಿಟ್ಟು ತೋರಿಸಿದಳು.

ಔಷಧಿಯ ಪಾಠದಲ್ಲಿ ನಾವು ಮುಚ್ಚಿಡುವುದಿಲ್ಲ. ಬಹಳ ಜನರಿಗೆ ಬರೆದುಕೊಡುತ್ತಿದ್ದ ಗ್ಯಾಬಪೆಂಟಿನ್ ಮಾತ್ರೆಯನ್ನು ಬ್ರಿಟನ್ನಿನ 39 ಆಸ್ಪತ್ರೆಗಳ 306 ಹೆಂಗಸರ ಮೇಲೆ ಪರೀಕ್ಷಿಸಿ 2020ರಲ್ಲಿ ಪ್ರಕಟಿಸಿದರು. ಲ್ಯಾಪರೋಸ್ಕೋಪಿಯಲ್ಲಿ ಏನೂ ಕಾಣದವರ ನೋವಿಗೆ ಅದು ಹುಸಿ ಮಾತ್ರೆಗಿಂತ ಹೆಚ್ಚೇನೂ ಮಾಡಲಿಲ್ಲ, ತಲೆಸುತ್ತು ಮಂಪರು ಮಾತ್ರ ಹೆಚ್ಚು. ನಮ್ಮ ಗುಂಪಿನ ಬಗ್ಗೆಯೂ ಅಷ್ಟೇ ನೇರ. ದೀರ್ಘಕಾಲದ ನೋವಿಗೆ ಮಾನಸಿಕ ಚಿಕಿತ್ಸೆಗಳ 75 ಪ್ರಯೋಗಗಳನ್ನು, 9,401 ಜನರನ್ನು ಒಟ್ಟುಗೂಡಿಸಿ ಅಮಾಂಡಾ ವಿಲಿಯಮ್ಸ್ ತಂಡ 2020ರಲ್ಲಿ ಮಾಡಿದ ಕಾಕ್ರೇನ್ ಪರಿಶೀಲನೆಯಲ್ಲಿ ಯೋಚನೆ, ನಡವಳಿಕೆಗಳನ್ನು ತಿದ್ದುವ ಚಿಕಿತ್ಸೆಯ ಲಾಭ ಸಣ್ಣದು ಎಂದೇ ಕಂಡಿತು. ನೋವು ಸ್ವಲ್ಪ ತಗ್ಗುತ್ತದೆ, ಕೆಲಸ ಕಾರ್ಯಕ್ಕೆ ಅಡ್ಡಿ ಸ್ವಲ್ಪ ಇಳಿಯುತ್ತದೆ, ಸಂಕಟ ಸ್ವಲ್ಪ ಕಡಿಮೆಯಾಗುತ್ತದೆ. ನಡುವೆಯೇ ಬಿಟ್ಟುಹೋಗುವವರೂ ಪ್ರತಿ ಗುಂಪಿನಲ್ಲಿ ಇರುತ್ತಾರೆ. ಎಂಟು ನಿಮಿಷದಿಂದ ಇಪ್ಪತ್ತು ನಿಮಿಷಕ್ಕೆ ಬಂದವಳ ಮುಖವನ್ನು ಎದುರಿಗೆ ನೋಡಿದವಳಾಗಿ, ಆ ಸಣ್ಣದನ್ನು ನಾನು ಸಣ್ಣದೆನ್ನಲಾರೆ.

ಕೊನೆಯ ವಾರ ಪ್ರತಿಯೊಬ್ಬರೂ ನೋವು ಉಲ್ಬಣಿಸಿದ ದಿನಕ್ಕೆಂದು ಒಂದು ಹಾಳೆ ಬರೆಯುತ್ತಾರೆ. ತಲೆ ಓಡದ ಹೊತ್ತಿನಲ್ಲಿ ಓದಲೆಂದು ದೊಡ್ಡಕ್ಷರದಲ್ಲಿ. ಮೊದಲು ಉಸಿರಾಟ, ಆಮೇಲೆ ಬಿಸಿ ಚೀಲ, ಬಾಲಾಸನ. ಫ್ರಿಜ್ಜಿನಲ್ಲಿ ಸಾರು ಎಲ್ಲಿದೆ, ಮಗುವನ್ನು ಶಾಲೆಯಿಂದ ಕರೆತರಲು ಯಾರಿಗೆ ಫೋನ್ ಮಾಡಬೇಕು, ಎಷ್ಟು ಜ್ವರ ಬಂದರೆ, ಎಷ್ಟು ರಕ್ತ ಹೋದರೆ ಕಾಯದೆ ಆಸ್ಪತ್ರೆಗೆ ಓಡಬೇಕು. ಹಾಸನದ ಹುಡುಗಿ ಎರಡು ಹಾಳೆ ಬರೆದಳು, ಒಂದು ಇಂಗ್ಲಿಷಿನಲ್ಲಿ ತನಗೆ, ಒಂದು ಕನ್ನಡದಲ್ಲಿ ಅತ್ತೆಗೆ. ಕನ್ನಡದ್ದನ್ನು ನನಗೆ ತೋರಿಸಿ ಆಸನದ ಹೆಸರು ಸರಿಯಿದೆಯೇ ಎಂದು ಕೇಳಿ, ಫೋಟೋ ತೆಗೆದು ಅಲ್ಲೇ ನಿಂತು ಕಳಿಸಿದಳು.

ಕುರ್ಚಿ ಮಡಚುವಾಗ ಟೀಚರು ಎಲ್ಲರ ನಂಬರು ಬರೆದುಕೊಳ್ಳುತ್ತಿದ್ದಳು. ವಾಟ್ಸ್ಆ್ಯಪ್ ಗುಂಪು ಮಾಡುತ್ತಾರಂತೆ. ಪ್ರತಿ ಸಲವೂ ಮಾಡುತ್ತಾರೆ, ಪ್ರತಿ ಸಲವೂ ಸಿಬ್ಬಂದಿಯನ್ನು ಸೇರಿಸುವುದಿಲ್ಲ. ಅವರು ಅಲ್ಲಿ ಏನು ಮಾತಾಡುತ್ತಾರೋ ನಮಗೆ ತಿಳಿಯುವುದಿಲ್ಲ, ತಿಳಿಯಬೇಕಾದ್ದೂ ಇಲ್ಲ. ಕೆಲವು ತಿಂಗಳ ನಂತರ ಮರುಭೇಟಿಗೆ ಬಂದಾಗ ಒಬ್ಬರ ಮಗುವಿಗೆ ಹಲ್ಲು ಬಂದದ್ದು ಇನ್ನೊಬ್ಬರಿಗೆ ಗೊತ್ತಿರುತ್ತದೆ, ಬಾಗಿಲಲ್ಲೇ ಮಾತು ಶುರುವಾಗಿರುತ್ತದೆ, ನಾವು ಹಾಜರಿ ಕೂಗಲು ಕಾಯಬೇಕಾಗುತ್ತದೆ.